ಪರಿಹಾರದ ಹಣದಲ್ಲಿ ಕಡಿತ ಸಲ್ಲದು

‘ಪರಿಹಾರ’, ‘ಅಪಹಾರ’ ಎಂಬ ಎರಡು ಶಬ್ದಗಳೂ ಒಂದೇ ಧಾತುವಿನಿಂದ ಹುಟ್ಟಿದವು; ಉಪಸರ್ಗ ಮಾತ್ರ ಬೇರೆ. ವ್ಯವಹಾರದಲ್ಲಿಯೂ ಒಂದು ಇನ್ನೊಂದಾಗಲು ಹೆಚ್ಚು ಹೊತ್ತು ಬೇಡವೆಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಗೃಹಸ್ಥರು ಮನಗಾಣುವುದೊಳ್ಳಿತು.

ನಮ್ಮ ಸೀಮೆಯ ಸಂಸಾರವು ಅಡಕೆಮರದ ತುದಿಯಲ್ಲಿ ನಿಂತಿರುವುದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಸಿಂಪಡಿಸಲು, ಕೊಯ್ಲಿನಲ್ಲಿ ಕೊನೆಯಿಳಿಸಲು ಮರವೇರುವ ಕೊನೆಗೌಡನಿಲ್ಲದಿದ್ದರೆ ತೋಟವಿದ್ದೂ ಇಲ್ಲದಂತೆ. ಅವನು ಕೈಜಾರಿ ಬಿದ್ದನೆಂದರೆ ಒಂದು ಮನೆಯ ಅನ್ನವೇ ಬಿದ್ದಂತೆ.

ಕೆಲವು ವರ್ಷಗಳ ಹಿಂದೆ ಹೀಗೆ ಬಿದ್ದು ಸೊಂಟ ಮುರಿದವನೊಬ್ಬನ ಹೆಂಡತಿಯು ನಮ್ಮಲ್ಲಿಗೆ ಒಂದು ಚೀಟಿಯನ್ನು ಓದಿಸಲು ತಂದಳು. ಒಡೆಯರು ಪರಿಹಾರವೆಂದು ಒಂದು ಮೊತ್ತವನ್ನು ಬರೆದು, ಅದರಲ್ಲಿ ಕೊಯ್ಲಿನ ಮುಂಗಡ, ಆಸ್ಪತ್ರೆಯ ಖರ್ಚು, ಬಾಡಿಗೆ ಜೀಪಿನ ಹಣ ಎಂದು ಒಂದೊಂದಾಗಿ ಕಳೆದಿದ್ದರು. ಉಳಿದುದು ಎರಡು ತಿಂಗಳ ಅಕ್ಕಿಗೂ ಸಾಲದು. “ಲೆಕ್ಕ ಸರಿ ಉಂಟೋ, ಮಾಸ್ತರೇ?” ಎಂದಳು. ಕಳೆಯುವ ಲೆಕ್ಕ ಸರಿಯಾಗಿಯೇ ಇದ್ದಿತು; ಕಳೆದುದೇ ಸರಿಯಲ್ಲ. ಒಡೆಯರು ದುಷ್ಟರಲ್ಲ, ಅದನ್ನೇ ನ್ಯಾಯವೆಂದು ನಂಬಿದವರು. ಶಾಸನವನ್ನು ಓದಿ ಹೇಳಿದ ಮೇಲೆ ಕಳೆದುದನ್ನು ತುಂಬಿಕೊಟ್ಟರು.

ಆ ಶಾಸನವು 1923ರದು; ನಮ್ಮ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದ್ದು. ಮರ ಕಡಿಯುವುದು, ಅರಣ್ಯದ ಕೆಲಸ, ತೋಟಗಾರಿಕೆ ಇವೆಲ್ಲ ಅದರ ಅನುಬಂಧದಲ್ಲಿ ಬಂದಿವೆ. ಪರಿಹಾರದ ಹಣವನ್ನು ಯಾರೂ ಜಪ್ತಿ ಮಾಡಿಸಕೂಡದು, ಯಾವ ಬಾಕಿಗೂ ವಜಾ ಹಾಕಿಕೊಳ್ಳಕೂಡದು ಎಂಬುದು ಅದರ ವಿಧಿ. ಚಿಕಿತ್ಸೆಗಾಗಿ ಒಡೆಯನು ಕೊಟ್ಟುದೂ ಪರಿಹಾರದ ಲೆಕ್ಕಕ್ಕೆ ಸೇರದೆಂದು ಅದು ಹೇಳಿತು. ಮರಣದಲ್ಲಿ ಹಣವನ್ನು ಕಮಿಷನರರಲ್ಲಿ ಠೇವಣಿಯಿಡಬೇಕಾಗಿದ್ದಿತು. ಅವಲಂಬಿತರಿಗೆ ಮೊದಲೇ ಕೊಟ್ಟ ಮೂರು ತಿಂಗಳ ವೇತನದಷ್ಟನ್ನು ಮಾತ್ರ ಅವರು ಕಳೆದು ಒಡೆಯನಿಗೆ ಮರಳಿಸುತ್ತಿದ್ದರು. 2025ರ ನವೆಂಬರ್ 21ರಿಂದ ಆ ಶಾಸನದ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಬಂದಿದೆ. ಜಪ್ತಿ ಮತ್ತು ವಜಾಗಳ ನಿಷೇಧವು ಅದರಲ್ಲಿಯೂ ಉಳಿದಿದೆ.

ಹಣವು ಅಲ್ಪವೂ ಅಲ್ಲ. 2020ರಲ್ಲಿ ಲೆಕ್ಕಕ್ಕೆ ಹಿಡಿಯುವ ತಿಂಗಳ ವೇತನದ ಮಿತಿಯನ್ನು 15,000 ರೂಪಾಯಿಗೆ ಏರಿಸಿದರು. ಅದರ ಅರ್ಧವನ್ನು 40 ವರ್ಷದವನಿಗೆ ಗೊತ್ತುಮಾಡಿದ್ದ 184.17ರಿಂದ ಗುಣಿಸಿದರೆ, ಅವನ ಮರಣಕ್ಕೆ 13,81,275 ರೂಪಾಯಿಯಾಗುತ್ತಿದ್ದಿತು.

ಇನ್ನು ತೆರಿಗೆಯ ಮಾತು. ವೇತನವು ದುಡಿಮೆಯ ಫಲ. ಪರಿಹಾರವು ದುಡಿಯುವ ಶಕ್ತಿಯೇ ಹೋದುದಕ್ಕೆ ಬಂದುದು. ಆದುದರಿಂದ ಅಂಗಹಾನಿಗೆ, ಮರಣಕ್ಕೆ ಬಂದ ಇಡಿಗಂಟನ್ನು ಆದಾಯವೆಂದೆಣಿಸಿ ತೆರಿಗೆ ಹಾಕುವುದಿಲ್ಲ. ಭವಿಷ್ಯನಿಧಿಯ ವಂತಿಗೆಯನ್ನೂ ಅದರಲ್ಲಿ ಹಿಡಿಯುವಂತಿಲ್ಲ. ಆ ಗಂಟನ್ನು ಬ್ಯಾಂಕಿನಲ್ಲಿಟ್ಟಾಗ ಬರುವ ಬಡ್ಡಿಯು ಮಾತ್ರ ಆದಾಯ. ಬೀಳುವ ಮೊದಲು ದುಡಿದ ದಿನಗಳ ಕೂಲಿಯು ಬೇರೆಯೇ. ಅದನ್ನು ಪರಿಹಾರದಲ್ಲಿ ಬೆರೆಸತಕ್ಕುದಲ್ಲ.

ಅದೇ 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು ಹುಟ್ಟಿತು. ಅಡಕೆಯ ಬೆಲೆಯು ಮಧ್ಯವರ್ತಿಗಳ ಕೈಯಲ್ಲಿ ಸೋರದೆ ಬೆಳೆದವನ ಮನೆಗೇ ಮುಟ್ಟಲೆಂದು ಹಿರಿಯರು ಅದನ್ನು ಕಟ್ಟಿದರು. ತನ್ನ ಪಟ್ಟಿಯಲ್ಲಿ ಅನ್ಯಾಯದ ಕಡಿತವನ್ನು ಸಹಿಸದ ತೋಟಿಗನು, ತನ್ನ ಮರದಿಂದ ಬಿದ್ದವನ ಪಟ್ಟಿಯಲ್ಲಿ ಅದನ್ನು ಬರೆಯುವುದು ಯುಕ್ತವೇ? ಮುಂಗಡವು ಸಾಲವೇ ಹೌದು. ಅದನ್ನು ಬೇರೆಯಾಗಿ ಕೇಳಲಿ. ಕೊಯ್ಲಿಗೆ ಮೊದಲೇ ವಿಮೆ ಮಾಡಿಸಿದರೆ ಒಡೆಯನಿಗೂ ಹೊರೆಯಿಳಿಯುವುದು. ಕೂಲಿ, ಚಿಕಿತ್ಸೆ, ಪರಿಹಾರ ಇವನ್ನು ಮೂರು ಸಾಲಿನಲ್ಲಿ ಬರೆಯಿಸಿಕೊಳ್ಳಿರೆಂದು ಮನೆಯ ಹೆಣ್ಣುಮಕ್ಕಳಿಗೂ ನಾವು ಹೇಳುವೆವು. ಚೀಟಿಯನ್ನು ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಾಗುವುದು ಅವರೇ.