ಅಡುಗೆಮನೆಯ ಗೂಢಚಾರ

2006ರಲ್ಲಿ ಉನ್ನತ ವ್ಯಾಸಂಗದ ನಿಮಿತ್ತ ನಾನು ಇಂಗ್ಲೆಂಡಿನಲ್ಲಿದ್ದೆ. ವಾರದ ದಿನಗಳು ಗ್ರಂಥಾಲಯದಲ್ಲಿ ಕಳೆದರೆ, ಶನಿವಾರ ಭಾನುವಾರಗಳಲ್ಲಿ ಲಂಡನ್ನಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಧರ್ಮಕೇಂದ್ರವೊಂದಕ್ಕೆ ಹೋಗಿ, ಅಲ್ಲಿನ ವಯೋವೃದ್ಧ ಗುರುಗಳಿಗೆ ಬಲಿಪೂಜೆಯಲ್ಲಿ ನೆರವಾಗುತ್ತಿದ್ದೆ. ಅಕ್ಟೋಬರ್ ತಿಂಗಳ ಒಂದು ಭಾನುವಾರ ಪೂಜೆ ಮುಗಿಸಿ ಬಾಗಿಲಲ್ಲಿ ನಿಂತು ಜನರ ಕೈಕುಲುಕುತ್ತಿದ್ದಾಗ, "ಸ್ವಾಮಿ, ನೀವು ಕನ್ನಡದವರಂತೆ?" ಎಂಬ ಪ್ರಶ್ನೆ ಕೇಳಿ ಬೆರಗಾದೆ. ಹಾಸನದ ಕಡೆಯ ಹೆಣ್ಣುಮಗಳು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ದಾದಿ. ಪತಿ ತೀರಿಕೊಂಡು ಮೂರು ವರ್ಷವಾಗಿತ್ತು. ಹದಿಮೂರು ವರ್ಷದ ಒಬ್ಬನೇ ಮಗ. ವಾರದಲ್ಲಿ ನಾಲ್ಕು ರಾತ್ರಿ ಆಕೆಗೆ ಕೆಲಸ.

ಮುಂದಿನ ವಾರವೇ ಆಕೆ ತಮ್ಮ ಚಿಂತೆಯನ್ನು ನನ್ನ ಮುಂದಿಟ್ಟರು. ಹುಡುಗ ಪೀಠಸೇವೆ ಬಿಟ್ಟಿದ್ದಾನೆ, ಯಾರೊಡನೆಯೂ ಮಾತಿಲ್ಲ, ಹೊತ್ತು ಗೊತ್ತಿಲ್ಲದೆ ಕಂಪ್ಯೂಟರಿನ ಮುಂದೆ ಕೂತಿರುತ್ತಾನೆ. ಕೇಳಿದರೆ 'ಸ್ಪೈ' ಎನ್ನುತ್ತಾನೆ, 'ಸೈಟ್' ಎನ್ನುತ್ತಾನೆ. "ನನಗೆ ಒಂದೂ ತಿಳಿಯುವುದಿಲ್ಲ ಸ್ವಾಮಿ. ನೀವು ಸ್ನೇಹ ಬೆಳೆಸಿ, ಏನು ಮಾಡುತ್ತಿದ್ದಾನೆ ಅಂತ ನನಗೆ ಹೇಳಿ. ನಾನು ಹೇಳಿದೆ ಅಂತ ಮಾತ್ರ ಅವನಿಗೆ ಗೊತ್ತಾಗಬಾರದು."

ಆ ಕೊನೆಯ ಮಾತಿನ ಬಳಿ ನಾನು ಒಂದು ಕ್ಷಣ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸಂಕಟದಲ್ಲಿರುವ ತಾಯಿಗೆ ನೆರವಾಗುವುದು ಗುರುವಿನ ಕರ್ತವ್ಯವೆಂದು ಒಪ್ಪಿಬಿಟ್ಟೆ.

ಹುಡುಗನ ಕೋಣೆಗೆ ಹೋದಾಗ ವಿಷಯ ತಿಳಿಯಿತು. ಅವನು ಆಂಥೋನಿ ಹೊರೋವಿಟ್ಸ್ ಎಂಬ ಆಂಗ್ಲ ಲೇಖಕರ 'ಅಲೆಕ್ಸ್ ರೈಡರ್' ಕಾದಂಬರಿಗಳ ಅಭಿಮಾನಿ. ಬರಿಯ ಅಭಿಮಾನಿಯಲ್ಲ, ಆ ಕಾದಂಬರಿಗಳಿಗಾಗಿ ಒಂದು ವೆಬ್‌ಸೈಟನ್ನೇ ಕಟ್ಟಿ ನಡೆಸುತ್ತಿದ್ದ. ಈ ಮಾಲಿಕೆಯ ಮೊದಲ ಪುಸ್ತಕ 'ಸ್ಟಾರ್ಮ್‌ಬ್ರೇಕರ್' ಬಂದದ್ದು 2000ದಲ್ಲಿ. ಕಥಾನಾಯಕನಿಗೆ ಹದಿನಾಲ್ಕು ವರ್ಷ. ತಂದೆತಾಯಿ ಇಲ್ಲ, ಸಾಕಿದವನು ಚಿಕ್ಕಪ್ಪ. ಬ್ಯಾಂಕಿನ ನೌಕರನೆಂದು ಎಲ್ಲರೂ ನಂಬಿದ್ದ ಆ ಚಿಕ್ಕಪ್ಪ ಅಪಘಾತದಲ್ಲಿ ಸತ್ತನೆಂಬ ಸುದ್ದಿ ಬರುತ್ತದೆ. ಅವನು ನಿಜದಲ್ಲಿ ಬ್ರಿಟಿಷ್ ಗುಪ್ತಚರ ಸಂಸ್ಥೆ ಎಂಐ6ರವನಾಗಿದ್ದನೆಂದೂ, ಕೊಲೆಯಾದನೆಂದೂ ಹುಡುಗ ಕಂಡುಹಿಡಿಯುತ್ತಾನೆ. ಆಗ ಅಲ್ಲಿನ ಮುಖ್ಯಸ್ಥ ಅಲನ್ ಬ್ಲಂಟ್ ಎಂಬ ನಿರ್ಭಾವದ, ಬೂದುಬಣ್ಣದ ಮನುಷ್ಯ ಈ ಬಾಲಕನನ್ನೇ ಕೆಲಸಕ್ಕೆ ಹಚ್ಚುತ್ತಾನೆ. ಒಪ್ಪದಿದ್ದರೆ ಮನೆ ನೋಡಿಕೊಳ್ಳುವ ಜ್ಯಾಕ್ ಎಂಬ ಅಮೆರಿಕನ್ ಯುವತಿಯನ್ನು ಅವಳ ದೇಶಕ್ಕೆ ಅಟ್ಟಲಾಗುವುದು, ನಿನ್ನನ್ನು ಅನಾಥರ ಸಂಸ್ಥೆಗೆ ಸೇರಿಸಲಾಗುವುದು ಎಂಬ ಬೆದರಿಕೆ ಬೇರೆ. ಬಂದೂಕು ಕೊಡುವುದಿಲ್ಲ. ಕೊಡುವುದು ಗಟ್ಟಿ ದಾರದ ಯೋಯೋ, ಮೊಡವೆಗೆ ಹಚ್ಚುವಂತೆ ಕಾಣುವ, ಆದರೆ ಲೋಹವನ್ನು ಕರಗಿಸುವ ಮುಲಾಮು. ದೊಡ್ಡವರು ಮಕ್ಕಳನ್ನು ಅನುಮಾನಿಸುವುದಿಲ್ಲ, ಗಮನಿಸುವುದೂ ಇಲ್ಲ ಎಂಬ ಒಂದೇ ಲೆಕ್ಕಾಚಾರದ ಮೇಲೆ ಕಥೆಯೆಲ್ಲ ನಿಂತಿದೆ.

ಬಾಲ್ಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹೊದಿಕೆಯೊಳಗೆ ಓದಿ ಬೆಳೆದ ನನಗೆ ಈ ರುಚಿ ಹೊಸದಾಗಿರಲಿಲ್ಲ. ಆದರೆ ಆ ಹುಡುಗನ ಶ್ರದ್ಧೆ ಹೊಸದಾಗಿತ್ತು. ಗುರುಮಠದಲ್ಲಿ ನಾವು ಶುಭಸಂದೇಶಗಳ ಸಮಾನಾಂತರ ವಾಕ್ಯಗಳನ್ನು ಪಟ್ಟಿಮಾಡುತ್ತಿದ್ದಂತೆ, ಅವನು ಆರು ಕಾದಂಬರಿಗಳ ಘಟನೆಗಳನ್ನು ತಿಂಗಳು ತಿಂಗಳಾಗಿ ಹೊಂದಿಸಿ ಕಾಲಾನುಕ್ರಮಣಿಕೆ ಮಾಡಿದ್ದ. ಇಷ್ಟೆಲ್ಲ ಸಾಹಸಗಳ ನಡುವೆ ನಾಯಕ ಶಾಲೆಗೆ ಹೋದದ್ದು ಎಷ್ಟು ದಿನ ಎಂಬ ಲೆಕ್ಕವೂ ಇತ್ತು. ಪಾತ್ರಗಳಿಗೊಂದು ಪುಟ, ಉಪಕರಣಗಳಿಗೊಂದು ಪುಟ, ಲೇಖಕರ ತಪ್ಪುಗಳಿಗೆ ಪ್ರತ್ಯೇಕವಾಗಿ ಒಂದು ಪುಟ! ಸ್ಥಳ ಜಿಯೋಸಿಟೀಸ್‌ನಲ್ಲಿ ಉಚಿತವಾಗಿ ದೊರೆತದ್ದು. ಒಂದೊಂದು ಸಾಲಿನ ಹಿಂದೆ ಎಚ್‌ಟಿಎಂಎಲ್ ಸಂಕೇತಗಳನ್ನು ಅವನೇ ಬೆರಳಿನಿಂದ ಕುಟ್ಟಬೇಕಿತ್ತು. ಒಂದು ಕೋನಚಿಹ್ನೆ ತಪ್ಪಿದರೂ ಪುಟವೆಲ್ಲ ಓರೆಯಾಗುತ್ತಿತ್ತು. ಸ್ಕಾಟ್ಲೆಂಡಿನ ಒಬ್ಬ ಹುಡುಗ, ಆಸ್ಟ್ರೇಲಿಯದ ಒಬ್ಬ ಹುಡುಗಿ ಅವನಿಗೆ ಸಹಾಯಕರು. ಇಬ್ಬರನ್ನೂ ಅವನು ಕಂಡಿರಲಿಲ್ಲ. 'ಸ್ಕಾರ್ಪಿಯ' ಎಂಬ 2004ರ ಪುಸ್ತಕ ನಾಯಕನಿಗೆ ಗುಂಡೇಟು ಬೀಳುವುದರೊಂದಿಗೆ ಮುಗಿದಿತ್ತಂತೆ. ಮುಂದಿನದು ಬರುವವರೆಗೆ, ಬದುಕಿದ್ದಾನೋ ಇಲ್ಲವೋ ಎಂದು ಮೂವರೂ ಒಂದು ವರ್ಷ ಕಾದಿದ್ದರಂತೆ. ಹೇಳುವಾಗ ಅವನ ಕಣ್ಣಲ್ಲಿ ಆ ವರ್ಷ ಇನ್ನೂ ಇತ್ತು.

ನಾನು ಅವನ ಬಳಗಕ್ಕೆ ಸೇರಿದ್ದು ಒಂದು ಹೆಸರಿನ ಮೂಲಕ. ಮೊದಲ ಪುಸ್ತಕದ ಖಳನ ಹೆಸರು ಹೆರಾಡ್ ಸೇಲ್. ಬ್ರಿಟನ್ನಿನ ಶಾಲೆಗಳಿಗೆಲ್ಲ ಉಚಿತ ಕಂಪ್ಯೂಟರುಗಳನ್ನು ಕಾಣಿಕೆಯಾಗಿ ಕೊಟ್ಟು, ಅವುಗಳೊಳಗೆ ಸಿಡುಬಿನ ವಿಷಾಣುವನ್ನಿಟ್ಟು, ಶಾಲಾಮಕ್ಕಳನ್ನು ಕೊಲ್ಲಲು ಹೊರಟವನು. "ಹೆರೋದ ಯಾರು ಗೊತ್ತೇ?" ಎಂದು ಕೇಳಿದೆ. ಕ್ರಿಸ್ಮಸ್ ನಾಟಕದ ರಾಜನೆಂದ. ಬೆತ್ಲೆಹೇಮಿನ ಹಸುಗೂಸುಗಳನ್ನು ಕೊಲ್ಲಿಸಿದವನ ಹೆಸರೇ ಇಲ್ಲಿಯೂ ಇರುವುದನ್ನು ತೋರಿಸಿದಾಗ ಅವನು ಕುರ್ಚಿಯಿಂದ ಎದ್ದೇಬಿಟ್ಟ. 2006ರ ಜುಲೈಯಲ್ಲಿ ತೆರೆಕಂಡಿದ್ದ ಚಲನಚಿತ್ರದಲ್ಲಿ ಆ ಹೆಸರನ್ನು ಡೇರಿಯಸ್ ಎಂದು ಬದಲಿಸಿದ್ದರು. ಚಿತ್ರಕಥೆ ಹೊರೋವಿಟ್ಸ್ ಅವರದೇ ಆದರೂ ಹುಡುಗನಿಗೆ ಆ ಸಿಟ್ಟು ಆರಿರಲಿಲ್ಲ. ಈಗ ಸಿಟ್ಟಿಗೆ ಶಾಸ್ತ್ರಾಧಾರವೂ ಸಿಕ್ಕಿತು. ಮರುವಾರ 'ಹೆರಾಡ್ ಎಂಬ ಹೆಸರು' ಎಂಬ ಹೊಸ ಪುಟ, ಕೆಳಗೆ 'ನಮ್ಮ ಫಾದರ್ ಅವರ ಸಂಶೋಧನೆ' ಎಂಬ ಸಾಲು ಕಾಣಿಸಿಕೊಂಡಿತು. ನನ್ನ ಪ್ರಬಂಧದ ಯಾವ ಅಡಿಟಿಪ್ಪಣಿಯೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಸಂಜೆ ಅವನ ಕೋಣೆಯಲ್ಲಿ ನನಗೊಂದು ಕುರ್ಚಿ ಇರುತ್ತಿತ್ತು. ಜೇಬಿನಲ್ಲಿ ನಾನು ಪೆಪ್ಪರಮಿಂಟು ಇಟ್ಟುಕೊಂಡು ಹೋಗುತ್ತಿದ್ದೆ. ಕೊಟ್ಟಾಗಲೆಲ್ಲ ಅವನು ನಗುತ್ತಿದ್ದ. ಕಾದಂಬರಿಯಲ್ಲಿ ಬ್ಲಂಟನ ಸಹಾಯಕಿ ಮಿಸೆಸ್ ಜೋನ್ಸ್ ಎಂಬಾಕೆ ಸದಾ ಪೆಪ್ಪರಮಿಂಟು ಚೀಪುತ್ತಿರುತ್ತಾಳೆ. ಆಕೆಗೆ ಬಾಲಕನ ಮೇಲೆ ಮರುಕವಿದೆ, ಹೀಗಿದ್ದೂ ಅವನನ್ನು ಅಪಾಯಕ್ಕೆ ಕಳಿಸುವುದು ಮಾತ್ರ ನಿಲ್ಲುವುದಿಲ್ಲ. "ನೀವು ಮಿಸೆಸ್ ಜೋನ್ಸ್" ಎಂದು ಹಾಸ್ಯ ಮಾಡುತ್ತಿದ್ದ. ನಾನೂ ನಗುತ್ತಿದ್ದೆ. ಬಳಿಕ ಕೆಳಗಿಳಿದು, ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ, ಆ ವಾರದ ವರದಿಯನ್ನು ತಾಯಿಗೆ ಒಪ್ಪಿಸುತ್ತಿದ್ದೆ.

ಮೊದಮೊದಲು ಹೇಳುವುದಕ್ಕೆ ಒಳ್ಳೆಯದೇ ಇತ್ತು. ತಾಯಿಗೆ ನೆಮ್ಮದಿಯಾಯಿತು. ಅಂತರಜಾಲದಲ್ಲಿ ಅಪರಿಚಿತರೊಡನೆ ಮಗ ಏನು ಮಾತಾಡುತ್ತಾನೆಂದು ಕೇಳುವ ಹಕ್ಕು ತಾಯಿಗಿದೆ, ಇರಲೇಬೇಕು. ಅದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ 2007ರ ಸೆಪ್ಟೆಂಬರಿನ ಒಂದು ಸಂಜೆ ಅವನು ಪರದೆಯಿಂದ ಕಣ್ಣು ತೆಗೆಯದೆ ಒಂದು ಮಾತು ಹೇಳಿದ. ಅಮ್ಮ ಇಲ್ಲದ ರಾತ್ರಿಗಳಲ್ಲಿ ಎರಡು ಗಂಟೆಯವರೆಗೆ ಎಚ್ಚರವಿರುತ್ತಾನಂತೆ. ಆಸ್ಟ್ರೇಲಿಯದಲ್ಲಿ ಆಗ ಹಗಲು, ಮಾತಿಗೆ ಯಾರಾದರೂ ಸಿಗುತ್ತಾರೆ. ನಿದ್ದೆಗೆ ಹೋದರೆ ಅಪ್ಪನ ಧ್ವನಿಯನ್ನು ನೆನಪು ಮಾಡಿಕೊಳ್ಳಲು ನೋಡುತ್ತಾನೆ, ಅದೀಗ ನೆನಪಿಗೆ ಬರುತ್ತಿಲ್ಲ. "ಅಮ್ಮನಿಗೆ ಹೇಳಬೇಡಿ, ಅಳುತ್ತಾಳೆ" ಎಂದ. ಇಲ್ಲವೆಂದೆ.

ಅದು ಪಾಪನಿವೇದನೆಯಾಗಿರಲಿಲ್ಲ. ಆಗಿದ್ದರೆ ನನ್ನ ತುಟಿಗೆ ಮುದ್ರೆ ಬೀಳುತ್ತಿತ್ತು, ಇಬ್ಬರೂ ಉಳಿಯುತ್ತಿದ್ದೆವು. ಪೀಠದ ಬಳಿ ಕಟ್ಟುನಿಟ್ಟಾಗಿ ಕಾಯುವ ಗುಟ್ಟನ್ನು ಹುಡುಗನ ಕುರ್ಚಿಯ ಬಳಿ ಹಗುರವಾಗಿ ಕಂಡೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ಮರುದಿನ ಪೂಜೆಯ ಬಳಿಕ ಅವರ ಮನೆಯಲ್ಲಿ ಊಟ. ಅಡುಗೆಮನೆಯ ಮೇಜಿನ ಈ ತುದಿಯಲ್ಲಿ ನಾನು, ಒಲೆಯ ಬಳಿ ತಾಯಿ, ಆ ತುದಿಯಲ್ಲಿ ಪುಸ್ತಕ ಹಿಡಿದು ಕೂತ ಮಗ. ನಾವು ಕನ್ನಡದಲ್ಲಿ ಮಾತಾಡುತ್ತಿದ್ದೆವು. ಯಾವಾಗಲೂ ಹಾಗೆಯೇ, ಅವನಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದೆಂಬುದು ನಮ್ಮಿಬ್ಬರ ಗಟ್ಟಿ ನಂಬಿಕೆ. ಎರಡು ಗಂಟೆಯವರೆಗೆ ಎಚ್ಚರವಿರುವುದನ್ನು ಹೇಳಿದೆ. ಅಪ್ಪನ ಧ್ವನಿಯ ಸಂಗತಿಯನ್ನೂ ಹೇಳಿದೆ, ಅವನ ಒಳಿತಿಗೆಂದೇ. ತಾಯಿ ಸೌಟನ್ನು ಹಾಗೇ ಹಿಡಿದು ನಿಂತರು.

ಹುಡುಗ ಪುಸ್ತಕ ಮುಚ್ಚಿದ.

"ನನಗೆ ಕನ್ನಡ ಬರುತ್ತೆ, ಫಾದರ್" ಎಂದ. ಕನ್ನಡದಲ್ಲಿಯೇ.

ಹಾಸನದಿಂದ ಬಂದು ಒಂದು ಚಳಿಗಾಲ ಇವರೊಡನಿದ್ದ ಅಜ್ಜಿ ಅವನೊಡನೆ ಬೇರಾವ ಭಾಷೆಯನ್ನೂ ಆಡಿರಲಿಲ್ಲವಂತೆ. ಹನ್ನೊಂದು ತಿಂಗಳು ನಾವು ಅವನ ಎದುರಿಗೇ, ಅವನೊಂದು ಕಪಾಟೆಂಬಂತೆ ಅವನ ಬಗ್ಗೆ ಮಾತಾಡಿದ್ದೆವು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ, ಸುಮ್ಮನಿದ್ದ, ಶನಿವಾರ ಸಂಜೆ ನನಗೆ ಕುರ್ಚಿಯನ್ನೂ ಹಾಕಿದ್ದ. ಅಪ್ಪನ ಮಾತೊಂದನ್ನು ಮಾತ್ರ ನಾನು ಹೇಳಲಾರೆನೆಂದು ನಂಬಿದ್ದನೇನೋ. ಅವನು ಮಹಡಿ ಹತ್ತಿ ಹೋದ. ಆ ವಾರವೇ ತಾಯಿ ಮನೆಯ ಇಂಟರ್‌ನೆಟ್ ಸಂಪರ್ಕವನ್ನು ತೆಗೆಸಿದರು. ಹಾಗೆ ಮಾಡಿರೆಂದು ನಾನು ಹೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ಪ್ರೇಷಿತರ ಕಾರ್ಯಕಲಾಪಗಳ 23ನೆಯ ಅಧ್ಯಾಯ. ಸಂತ ಪೌಲರನ್ನು ಕೊಲ್ಲಲು ನಲವತ್ತಕ್ಕೂ ಹೆಚ್ಚು ಜನ ಶಪಥ ಮಾಡಿ ಹೊಂಚುಹಾಕಿದ್ದಾಗ, ಅವರ ಸಹೋದರಿಯ ಮಗನಿಗೆ ಅದು ಹೇಗೋ ತಿಳಿಯುತ್ತದೆ. ಅವನು ಬಂದು ತಿಳಿಸುತ್ತಾನೆ. ರೋಮನ್ ಸಹಸ್ರಾಧಿಪತಿ ಆ ಹುಡುಗನ ಕೈಹಿಡಿದು ಬದಿಗೆ ಕರೆದೊಯ್ದು, ಹೇಳಿದ್ದನ್ನೆಲ್ಲ ಕೇಳಿ, ಯಾರಿಗೂ ತಿಳಿಸಬೇಡವೆಂದು ಎಚ್ಚರಿಸಿ ಮನೆಗೆ ಕಳಿಸಿಬಿಡುತ್ತಾನೆ. ಆಮೇಲೆ ಇನ್ನೂರು ಕಾಲಾಳು, ಎಪ್ಪತ್ತು ರಾವುತರು, ಇನ್ನೂರು ಭರ್ಜಿಯವರು ಹೊರಡುತ್ತಾರೆ. ಹುಡುಗನ ಪ್ರಸ್ತಾಪ ಮತ್ತೆ ಬರುವುದೇ ಇಲ್ಲ. ಇಷ್ಟು ವರ್ಷ ಆ ಭಾಗವನ್ನು ಪೌಲರಿಗಾಗಿ ಓದಿದ್ದೆ. ಆ ಅನ್ಯಧರ್ಮೀಯ ಸೈನಿಕ ಒಬ್ಬ ಬಾಲಕನ ಕೈಹಿಡಿದ ರೀತಿಯನ್ನು ಗಮನಿಸಿರಲಿಲ್ಲ.

ಇನ್ನೊಂದು ನೆನಪೂ ಬಂತು, ಅಷ್ಟು ಹಿತವಾದುದಲ್ಲ. ಕಿರಿಯ ಗುರುಮಠದಲ್ಲಿ ನನಗೂ ಹದಿನಾಲ್ಕಾಗಿದ್ದಾಗ, ಮೇಲ್ವಿಚಾರಕರೊಬ್ಬರು ಮಲಗುವ ಕೋಣೆಯ ಸುದ್ದಿಗಳನ್ನು ತಂದು ಹೇಳುವ ಕೆಲಸವನ್ನು ನನಗೆ ವಹಿಸಿದ್ದರು. ಪ್ರತಿಯಾಗಿ ಬೆನ್ನು ತಟ್ಟುತ್ತಿದ್ದರು. ನಾನು ಹೇಳಿದ ಒಂದು ಮಾತಿನಿಂದ ಗೆಳೆಯನೊಬ್ಬ ಪೆಟ್ಟಿಗೆ ಹೊತ್ತು ಮನೆಗೆ ಹೋದ. ಅದನ್ನು ನಾನು ಬಹುಕಾಲ ವಿಧೇಯತೆ ಎಂದು ಕರೆಯುತ್ತಿದ್ದೆ.

ಅಕ್ಟೋಬರ್ ಕೊನೆಯಲ್ಲಿ ಮಾಲಿಕೆಯ ಏಳನೆಯ ಪುಸ್ತಕ 'ಸ್ನೇಕ್‌ಹೆಡ್' ಹೊರಬಂತು. ನವೆಂಬರಿನ ಒಂದು ಭಾನುವಾರ ತಾಯಿ ಅದನ್ನು ನನ್ನ ಕೈಗಿಟ್ಟು, "ಕೊಡು ಅಂದ, ಇನ್ನೇನೂ ಹೇಳಲಿಲ್ಲ" ಎಂದರು. ಅಂದು ರಾತ್ರಿಯೇ ಓದಿ ಮುಗಿಸಿದೆ. ಅದರಲ್ಲಿ ಅಲೆಕ್ಸ್‌ಗೆ ತನ್ನ ದೀಕ್ಷಾಸ್ನಾನದ ಜ್ಞಾನತಂದೆ ಸಿಗುತ್ತಾನೆ. ತಂದೆಯ ಆಪ್ತಮಿತ್ರ, ತಂದೆಯ ಕಥೆಗಳನ್ನು ಹೇಳಬಲ್ಲ ಏಕೈಕ ಮನುಷ್ಯ. ಹುಡುಗ ಅವನ ಹಿಂದೆ ಹೋಗುವುದೇ ಆ ಕಥೆಗಳ ಆಸೆಗೆ. ಕೊನೆಗೆ ತಿಳಿಯುತ್ತದೆ, ತಂದೆತಾಯಿಯನ್ನು ಶತ್ರುಗಳ ಪರವಾಗಿ ಕೊಂದವನು ಅವನೇ. ಪುಸ್ತಕದಲ್ಲಿ ಒಂದೂ ಗೆರೆ ಎಳೆದಿರಲಿಲ್ಲ. ಎಳೆಯುವ ಅಗತ್ಯವೂ ಇರಲಿಲ್ಲ.

ಆಗಮನ ಕಾಲದ ಮೊದಲ ವಾರ ಹೋಗಿ ಕ್ಷಮೆ ಕೇಳಿದೆ. ಕನ್ನಡದಲ್ಲಿ ಕೇಳಿದೆ. ಮಾತು ಕೊಟ್ಟು ಮುರಿದೆ, ಅದು ನಿನ್ನ ಒಳಿತಿಗಾಗಿತ್ತೆಂದು ಹೇಳುವುದಿಲ್ಲ ಎಂದೆ. ಅವನು ಬಹಳ ಹೊತ್ತು ಬೂಟಿನ ದಾರ ನೋಡುತ್ತಿದ್ದು, "ಜ್ಞಾನತಂದೆಯೇ ದ್ರೋಹಿ ಅಂತ ನಿಮಗೆ ಎಷ್ಟನೇ ಪುಟದಲ್ಲಿ ಗೊತ್ತಾಯಿತು?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಕೊನೆಯವರೆಗೂ ಗೊತ್ತಾಗಲಿಲ್ಲವೆಂದೆ. "ನನಗೂ" ಎಂದ. ಅಷ್ಟೇ. ಕುರ್ಚಿ ಹಾಕಲಿಲ್ಲ.

ತಾಯಿಗೆ, ಇನ್ನು ಮುಂದೆ ನನ್ನನ್ನು ಕೇಳಬೇಡಿ, ಅವನನ್ನೇ ಕೇಳಿ ಎಂದೆ. ಆಕೆಗೆ ಬೇಸರವಾಯಿತು. ನಾನು ಕೈಬಿಟ್ಟೆನೆಂದು ತಿಳಿದರು. ಆದರೂ ಗಂಡನ ಧ್ವನಿಯಿದ್ದ ಹಳೆಯ ಕ್ಯಾಸೆಟ್ಟೊಂದನ್ನು ಹುಡುಕಿ ತೆಗೆದರೆಂದು ಆಮೇಲೆ ಕೇಳಿದೆ. ಯಾರದೋ ಮದುವೆಯಲ್ಲಿ ಆತ ಮಾಡಿದ ಐದು ನಿಮಿಷದ ಭಾಷಣ. ಇಬ್ಬರೂ ಕೂತು ಕೇಳಿದರಂತೆ. ಹುಡುಗ ಊರಿನ ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರಿನಲ್ಲಿ ದಿನಕ್ಕೆ ಒಂದು ಗಂಟೆ ಸರದಿ ಹಿಡಿದು ತನ್ನ ಸೈಟನ್ನು ನಡೆಸಿದ. 2008ರಲ್ಲಿ ನಾನು ಊರಿಗೆ ಮರಳಿದೆ. ಇಲ್ಲಿಂದ ಆಗಾಗ ತೆರೆದು ನೋಡುತ್ತಿದ್ದೆ. ಹೆರಾಡನ ಪುಟ ಹಾಗೆಯೇ ಇತ್ತು, ಕೆಳಗಿನ ಸಾಲಿನಲ್ಲಿ 'ನಮ್ಮ' ಎಂಬ ಪದ ಮಾತ್ರ ಇರಲಿಲ್ಲ. 2009ರ ಅಕ್ಟೋಬರಿನಲ್ಲಿ ಯಾಹೂ ಕಂಪನಿ ಜಿಯೋಸಿಟೀಸ್ ಅನ್ನು ಮುಚ್ಚಿದಾಗ ಅದೂ ಹೋಯಿತು.

ಪುಸ್ತಕಗಳು ಮಾತ್ರ ಬರುತ್ತಲೇ ಇದ್ದವು. 2011ರ 'ಸ್ಕಾರ್ಪಿಯ ರೈಸಿಂಗ್'ನಲ್ಲಿ ಜ್ಯಾಕ್ ಸಾಯುತ್ತಾಳೆ, ಅಥವಾ ಸತ್ತಳೆಂದು ನಾಯಕನೂ ನಾವೂ ನಂಬುತ್ತೇವೆ. ಅವನಿಗಿದ್ದ ಏಕೈಕ ಮನೆಯ ಜೀವ ಅದು. ಆರು ವರ್ಷ ಹಾಗೆಯೇ ಕಳೆಯಿತು. ನನಗೂ ಆ ಕಡೆಯಿಂದ ಒಂದು ಕ್ರಿಸ್ಮಸ್ ಕಾರ್ಡೂ ಬರಲಿಲ್ಲ.

2017ರಲ್ಲಿ 'ನೆವರ್ ಸೇ ಡೈ' ಪ್ರಕಟವಾಯಿತು. ಅದರ ಸುದ್ದಿಯೇ ನನಗಿರಲಿಲ್ಲ. ಆ ವರ್ಷದ ಜೂನ್ ತಿಂಗಳ ಒಂದು ಬೆಳಿಗ್ಗೆ, ಧರ್ಮಕೇಂದ್ರದ ಲೆಕ್ಕಪತ್ರಗಳ ನಡುವೆ ಕಂಪ್ಯೂಟರ್ ತೆರೆದಾಗ ಒಂದು ಮಿಂಚಂಚೆ ಇತ್ತು. ಹೆಸರು ನೋಡಿ ಕೈ ನಡುಗಿತು. ಅವನಿಗೆ ಆಗ ಇಪ್ಪತ್ತನಾಲ್ಕು ಇರಬೇಕು. ಕಂಗ್ಲಿಷಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ, ಒಂದೇ ಸಾಲು:

"ಫಾದರ್, ಜ್ಯಾಕ್ ಬದುಕಿದ್ದಾಳೆ. ಯಾರಿಗೂ ಹೇಳಬೇಡಿ."