ದಂಡೆಯ ಮೇಲಿನ ಹೆಣ್ಣು

ನಮ್ಮ ಸೀಮೆಗೆ ಸಮುದ್ರ ಬಲು ದೂರ. ಹಾಗೆಂದು ನಾವೇನು ನೀರು ಕಾಣದವರಲ್ಲ. ಜಮಖಂಡಿ, ರಬಕವಿ-ಬನಹಟ್ಟಿಗೆ ಕೃಷ್ಣೆ, ಮುಧೋಳಕ್ಕೆ ಘಟಪ್ರಭೆ. ಬೀಳಗಿಗಂತೂ ಆಲಮಟ್ಟಿಯ ಹಿನ್ನೀರೇ ಸಮುದ್ರ. ಆದರೆ ಕಡಲ ಮೀನುಗಾರರ ಬದುಕನ್ನು ನಮ್ಮಂಥವರು ನೋಡಿದ್ದು ಸಿನಿಮಾದಲ್ಲಿಯೇ.

ಅಂಥ ಸಿನಿಮಾ ಎಂದರೆ ನನಗೆ ಮೊದಲು ನೆನಪಾಗುವುದು 'ಚೆಮ್ಮೀನ್'. ತಕಳಿ ಶಿವಶಂಕರ ಪಿಳ್ಳೆಯವರ ಕಾದಂಬರಿಯನ್ನು ರಾಮು ಕಾರಿಯಾತ್ 1965ರಲ್ಲಿ ತೆರೆಗೆ ತಂದರು. ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ದಕ್ಷಿಣ ಭಾರತದ ಮೊದಲ ಚಿತ್ರವದು. ದೂರದರ್ಶನದವರು ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಗಳ ಚಿತ್ರ ತೋರಿಸುತ್ತಿದ್ದ ಕಾಲದಲ್ಲಿ ನೆರೆಮನೆಯ ಟಿ.ವಿ. ಮುಂದೆ ಕುಳಿತು ನೋಡಿದ್ದೆ. ಭಾಷೆ ತಿಳಿಯದಿದ್ದರೂ ಕಣ್ಣೀರಿಗೇನೂ ಬರವಿರಲಿಲ್ಲ.

ಆ ಕಥೆಯ ಬುಡದಲ್ಲಿ ಒಂದು ನಂಬಿಕೆಯಿದೆ: ಕಡಲಿಗೆ ಹೋದ ಗಂಡನ ಪ್ರಾಣ ದಂಡೆಯಲ್ಲಿರುವ ಹೆಂಡತಿಯ ಶೀಲದಲ್ಲಿದೆ. ಕರುತ್ತಮ್ಮ ಒಲಿದದ್ದು ಪರೀಕುಟ್ಟಿಗೆ, ಮದುವೆಯಾದದ್ದು ಪಳನಿಯನ್ನು. ಅವಳು ಪರೀಕುಟ್ಟಿಯನ್ನು ಕಂಡ ರಾತ್ರಿಯೇ ಶಾರ್ಕ್ ಬೆನ್ನಟ್ಟಿದ ಪಳನಿ ಸುಳಿಗೆ ಸಿಕ್ಕುತ್ತಾನೆ. ಲೆಕ್ಕ ಸರಿಹೋಯಿತು! ಗಾಳಿಯ ತಪ್ಪಿಲ್ಲ, ಸುಳಿಯ ತಪ್ಪಿಲ್ಲ.

ಇದು ಕೇರಳದ ಕಡಲಿನ ಮಾತಷ್ಟೇ ಅನ್ನಬೇಡಿ. ಮಗನ ಬಸ್ಸು ತಡವಾದರೆ, "ಸಂಜೀಕ ದೇವರ ಮುಂದ ದೀಪಾ ಹಚ್ಚಿದ್ಯೋ ಇಲ್ಲೋ?" ಎಂದು ಸೊಸೆಯನ್ನು ಕೇಳುವ ಅತ್ತೆಯರು ನಮ್ಮಲ್ಲಿಲ್ಲವೆ?

ಬೀಳಗಿ ಕಡೆಯ ಶಾಲೆಯೊಂದರಲ್ಲಿದ್ದಾಗ ವಿದ್ಯಾರ್ಥಿನಿಯೊಬ್ಬಳ ತಾಯಿಗೆ ಈ ಕಥೆ ಹೇಳಿದೆ. ಅವರ ಹಳೆಯ ಊರು ಹಿನ್ನೀರಿನಡಿ ಹೋಗಿತ್ತು. ಕಳೆ ತೆಗೆಯುತ್ತಿದ್ದ ಕೈ ಈಗ ಬಲೆ ಹೊಲಿಯುತ್ತಿತ್ತು. ಆಕೆ ನಕ್ಕಳು. "ಅಕ್ಕೋರ, ಗಂಡ ಹೊಳಿಗಿ ಹೋದ್ರ ದಂಡಿ ಮ್ಯಾಲ ನಿಂತು ನೋಡಾಕ ನಮಗ ಪುರಸೊತ್ತರ ಎಲ್ಲಿ ಐತ್ರಿ? ಬಲಿ ಹೊಲೀಬೇಕು, ಮೀನ ಸಂತಿಗಿ ಒಯ್ಯಬೇಕು. ತೆಪ್ಪ ತೂತ ಬಿದ್ರ ನನ್ನ ಪತಿವ್ರತಿತನ ಬಂದು ಮುಚ್ಚತೈತೇನ್ರಿ?"

ಆಮೇಲೆ ಗಿರೀಶ ಕಾಸರವಳ್ಳಿಯವರ 'ದ್ವೀಪ'ವನ್ನು ನಾನು ನೋಡಿದ್ದು ಈ ಮಾತಿನ ಜೊತೆಗೇ. ನಾ. ಡಿಸೋಜರ ಕಾದಂಬರಿಯ ಮೇಲೆ 2002ರಲ್ಲಿ ಬಂದ ಚಿತ್ರ. ನಾಗಿಯ ಪಾತ್ರ ಮಾಡಿದ ಸೌಂದರ್ಯ ಅವರೇ ನಿರ್ಮಾಪಕಿ. ಇದು ಮೀನುಗಾರರ ಕಥೆಯಲ್ಲ, ಅಣೆಕಟ್ಟಿನ ನೀರೇರಿ ದ್ವೀಪವಾಗುವ ಗುಡ್ಡದ ಕಥೆ. ಮುಳುಗಡೆಯೆಂದರೆ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸುತ್ತ ನೀರು, ಮೇಲೆ ಮಳೆ. ನಾಗಿ ಎದೆಗುಂದದೆ ಮನೆ ಉಳಿಸಿಕೊಳ್ಳುತ್ತಾಳೆ. ಕಡೆಗೆ ಗಂಡ ಗಣಪ, ಎಲ್ಲ ದೇವರ ಕೃಪೆ ಎಂದುಬಿಡುತ್ತಾನೆ. ಅಲ್ಲಿ ಮುಳುಗಿದರೆ ತಪ್ಪು ಹೆಂಡತಿಯದು. ಇಲ್ಲಿ ಉಳಿದರೆ ಪುಣ್ಯ ದೇವರದು. ನಡುವೆ ಹೆಣ್ಣು ದುಡಿದದ್ದು ಯಾವ ಖಾತೆಗೂ ಜಮಾ ಆಗುವುದಿಲ್ಲ. ಕಾಸರವಳ್ಳಿಯವರು ಅದನ್ನು ಕಂಡು ನಮಗೂ ಕಾಣಿಸಿದರಲ್ಲ, ಅದೇ ಸಮಾಧಾನ.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಹಳ್ಳಿಗಳಿಗೆ ನುಗ್ಗಿದಾಗ ಜನ ಶಾಲೆಗಳಲ್ಲಿ ಆಸರೆ ಪಡೆದರು. ರೇಶನ್ ಕಾರ್ಡು, ಮಕ್ಕಳ ಪಾಟಿಚೀಲ, ಬಿತ್ತುವ ಕಾಳು, ಎಲ್ಲವನ್ನೂ ನೆನಪಿಟ್ಟು ಗಂಟು ಕಟ್ಟಿ ತಂದವರು ಹೆಂಗಸರು. ಫೋಟೋದಲ್ಲಿ ಮಾತ್ರ ಗಲ್ಲಕ್ಕೆ ಕೈಹಚ್ಚಿ ಕುಳಿತವರಂತೆ ಕಂಡರು.

ಬಲೆ ಹೊಲಿಯುತ್ತಿದ್ದಳಲ್ಲ, ಆಕೆಯ ಗಂಡ ಮಗಳ ಪ್ರವೇಶ ಅರ್ಜಿಯಲ್ಲಿ ತನ್ನದು ಮೀನುಗಾರಿಕೆ, ಹೆಂಡತಿಯದು ಮನೆಗೆಲಸ ಎಂದು ಬರೆಸಹೊರಟಿದ್ದ. ಮಗ್ಗುಲಲ್ಲಿದ್ದ ಹುಡುಗಿ, "ನಮ್ಮವ್ವನೂ ಮೀನ ಮಾರ್ತಾಳ್ರಿ" ಎಂದಳು. ಇಬ್ಬರ ಹೆಸರಿನ ಮುಂದೆಯೂ ಮೀನುಗಾರಿಕೆ ಎಂದೇ ಬರೆದೆ. ಅವನೂ ಬೇಡವೆನ್ನಲಿಲ್ಲ.

ನಮ್ಮ ಹೊಳೆಯ ಮೇಲೂ ಯಾರಾದರೂ ಸಿನಿಮಾ ತೆಗೆಯಲಿ. ತೆಗೆದರೆ ಕ್ಯಾಮರಾ ಸಂತೆಯ ಮೀನುಬುಟ್ಟಿಯ ಹತ್ತಿರವೂ ಒಂದಿಷ್ಟು ಹೊತ್ತು ನಿಲ್ಲಲಿ.