ತಲೆನೋವು ಅಂತ ಹೇಳಿ ಹೇಳಿ

ನನಗೀಗ 41. ತವರು ಹಿರಿಯೂರು, ಕೊಟ್ಟಿದ್ದು ಹೊಳಲ್ಕೆರೆ ಕಡೆಯ ಅಡಿಕೆ ತೋಟದ ಮನೆಗೆ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಮಂಕಾಗಿಬಿಟ್ಟೆ. ಊಟ ಸೇರದು, ನಿದ್ದೆ ಬಾರದು. ಮಾನಸಿಕ ತಜ್ಞರು ಖಿನ್ನತೆ ಅಂದರು, ದಿನಕ್ಕೊಂದು ಮಾತ್ರೆ ಬರೆದರು. ಎರಡು ತಿಂಗಳಲ್ಲಿ ಮತ್ತೆ ನಗುವಂತಾದೆ. ಆದರೆ ಗಂಡ ಹತ್ತಿರ ಬಂದರೆ ಬೇಕು ಅಂತ ಅನಿಸುವುದೇ ನಿಂತುಹೋಯಿತು. ಅವರ ಮೇಲೆ ಕೋಪವಿಲ್ಲ, ಬೇಸರವಿಲ್ಲ. ಏನೂ ಇಲ್ಲ, ಅಷ್ಟೇ.

ತಲೆನೋವು ಅಂದೆ, ಸೋಮವಾರ ಅಂದೆ, ಅತ್ತೆ ಇನ್ನೂ ಮಲಗಿಲ್ಲ ಅಂದೆ. ಒಂದು ರಾತ್ರಿ ಇವರು ಮಾತಿಲ್ಲದೆ ದಿಂಬು ತಗೊಂಡು ಪಡಸಾಲೆಗೆ ಹೋದರು. ಬೆಳಗ್ಗೆ ಕಾಫಿ ಕುಡೀತಾ ಅಡಿಕೆ ರೇಟಿನ ಬಗ್ಗೆ ಮಾತಾಡಿದೆವು.

ಇದು ಮಾತ್ರೆಯದೇ ಕೆಲಸ ಅನ್ನೋ ಗುಮಾನಿ ಬಂತು. ಯಾರನ್ನೂ ಕೇಳದೆ ಬಿಟ್ಟುಬಿಟ್ಟೆ. ಮೂರನೇ ದಿನಕ್ಕೆ ತಲೆಸುತ್ತು, ಮೂರನೇ ವಾರಕ್ಕೆ ಮತ್ತೆ ಅಳು. ಒಲೆ ಮುಂದೆ ಕೂತು ಅಳೋದನ್ನು ಮಗಳು ನೋಡಿದಳು. ಅವತ್ತೇ ಹೊಸದುರ್ಗದ ಗೆಳತಿಗೆ ಫೋನು ಮಾಡಿ ಬಾಯಿಬಿಟ್ಟೆ. ನಗ್ತಾಳೆ ಅಂದ್ಕೊಂಡಿದ್ದೆ, ನಗಲಿಲ್ಲ. ಮುಟ್ಟು ನಿಂತ ಮೇಲೆ ಅವಳಿಗೂ ಒಣಗಿ ನೋವಾಗ್ತಿತ್ತಂತೆ, ಡಾಕ್ಟರು ಈಸ್ಟ್ರೋಜನ್ ಕ್ರೀಮ್ ಕೊಟ್ಟಮೇಲೆ ಹೋಯಿತಂತೆ. "ನೋವಾಗೋದು ಯಾರಿಗೆ ಬೇಕನ್ಸುತ್ತೆ ಹೇಳು? ನಡಿ, ದುರ್ಗಕ್ಕೆ ನಾನೂ ಬರ್ತೀನಿ" ಅಂದಳು.

ದಾರಿಯುದ್ದಕ್ಕೂ ಗೋಡೆಗಳ ಮೇಲೆ 'ಗುಪ್ತ ಸಮಸ್ಯೆ'ಯ ಜಾಹೀರಾತು ಓದಿದೆ. ಎಲ್ಲವೂ ಗಂಡಸರಿಗೆ!

ದುರ್ಗದ ಲೇಡಿ ಡಾಕ್ಟರು ಮುಟ್ಟು, ಹೆರಿಗೆ, ನಿದ್ದೆ, ನೋವು, ಮಾತ್ರೆ ಎಲ್ಲ ಕೇಳಿದರು. "ಮನೇಲಿ ಹೊಡೆಯೋದು ಬಡಿಯೋದು ಇದೆಯಾ?" ಅಂತಲೂ ಕೇಳಿದರು. ಇಲ್ಲ ಅಂದೆ. ಥೈರಾಯ್ಡ್ ಸರಿಯಿತ್ತು. 12 ಇರಬೇಕಾದ ಹಿಮೋಗ್ಲೋಬಿನ್ 9.4 ಇತ್ತು. "ಸುಸ್ತಾದ ಮೈಗೆ ಆಸೆ ಎಲ್ಲಿಂದ ಬರುತ್ತೆ?" ಅಂತ ಕಬ್ಬಿಣದ ಮಾತ್ರೆ ಬರೆದರು. ನನ್ನ ಗುಮಾನಿಯೂ ಸುಳ್ಳಲ್ಲ. ಸೆರೊಟೋನಿನ್ ಮೇಲೆ ಕೆಲಸ ಮಾಡುವ ಆ ಗುಂಪಿನ ಮಾತ್ರೆಗಳಿಗೆ ಈ ಅಡ್ಡಪರಿಣಾಮ ಮಾಮೂಲಿ. "ಬಿಡಬಾರದಿತ್ತು ನೀವು. ಬರೆದವರ ಹತ್ತಿರವೇ ಹೇಳಿ, ಡೋಸ್ ಇಳಿಸ್ತಾರೆ, ಇಲ್ಲಾ ಬೇರೆ ಕೊಡ್ತಾರೆ" ಅಂದರು. ಆ ಮಾನಸಿಕ ತಜ್ಞರು ಬೈಯಲಿಲ್ಲ. ಬುಪ್ರೊಪಿಯಾನ್‌ಗೆ ಬದಲಿಸಿದರು, ಅದರಲ್ಲಿ ಈ ತೊಂದರೆ ಕಡಿಮೆಯಂತೆ.

ಮೊಬೈಲಲ್ಲಿ ನೋಡಿದ್ದ ಗುಲಾಬಿ ಮಾತ್ರೆ ಬಗ್ಗೆಯೂ ಲೇಡಿ ಡಾಕ್ಟರನ್ನು ಕೇಳಿದ್ದೆ. ಅದರ ಹೆಸರು ಫ್ಲಿಬಾನ್ಸೆರಿನ್. ಮೊದಲು ಖಿನ್ನತೆಗೆಂದು ಪರೀಕ್ಷಿಸಿದ್ದು. 2015ರಲ್ಲಿ ಅಮೆರಿಕದಲ್ಲಿ, ಮುಟ್ಟು ನಿಲ್ಲದ ಹೆಂಗಸರ ಆಸೆಯ ಕೊರತೆಗೆ ಒಪ್ಪಿಗೆ ಸಿಕ್ಕಿತಂತೆ. ದಿನಾ ರಾತ್ರಿ ನುಂಗಬೇಕು, ಲಾಭ ಅಷ್ಟಕ್ಕಷ್ಟೇ, ಬಿಪಿ ಇಳಿದು ತಲೆಸುತ್ತಬಹುದು. "ನಿಮಗೆ ಅದಲ್ಲಮ್ಮ" ಅಂದರು.

ನನಗೆ ನಾಟಿದ್ದು ಅವರ ಇನ್ನೊಂದು ಮಾತು. ಬಹಳ ಹೆಂಗಸರಿಗೆ ಮೊದಲು ಆಸೆ ಹುಟ್ಟುವುದಿಲ್ಲ, ನಿಧಾನವಾಗಿ ಮುಟ್ಟಿಸಿಕೊಂಡ ಮೇಲೆ ಹುಟ್ಟುತ್ತದಂತೆ. ಹಾಗಾಗಿ ಕೆಲವು ವಾರ ಬರೀ ಸ್ಪರ್ಶ, ಕೂಡುವಂತಿಲ್ಲ. ಯಾರು ಸಾಕು ಅಂದರೂ ಅಲ್ಲಿಗೆ ಸಾಕು. ಮಾಸ್ಟರ್ಸ್ ಮತ್ತು ಜಾನ್ಸನ್ ಅನ್ನೋ ಅಮೆರಿಕದ ಸಂಶೋಧಕರು 1970ರಲ್ಲೇ ಪುಸ್ತಕದಲ್ಲಿ ಬರೆದ ಕ್ರಮವಂತೆ.

ಇದನ್ನ ಇವರಿಗೆ ಹೇಳೋದು ಹೇಗೆ? ನಾಲ್ಕು ದಿನ ಒದ್ದಾಡಿ, ತೋಟದ ಮೋಟಾರ್ ಮನೆ ಹತ್ತಿರ ಹೇಳಿದೆ. ಮೋಟಾರ್ ಸದ್ದಿಗೆ ಎರಡೆರಡು ಸಲ ಹೇಳಬೇಕಾಯ್ತು. ಇವರು ಮೋಟಾರ್ ಆಫ್ ಮಾಡಿದರು. "ನಾನೇ ಬೇಡವಾದೆ ಅಂದ್ಕೊಂಡಿದ್ದೆ ಕಣೇ" ಅಂದರು. ಒಂದೂವರೆ ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಕೊಂಡಿದ್ದಾರೆ, ನಾನು ತಲೆನೋವಿನ ಲೆಕ್ಕ ಇಡ್ತಾ ಕೂತಿದ್ದೆ.

ಈಗ ನಾಲ್ಕು ತಿಂಗಳಾಯ್ತು. ದಿಂಬು ಒಳಗೆ ಬಂದಿದೆ. ಕೆಲವು ರಾತ್ರಿ ಬೇಕನಿಸುತ್ತೆ, ಕೆಲವು ರಾತ್ರಿ ಇಲ್ಲ. ಇಲ್ಲದಿದ್ದಾಗ ಇಲ್ಲ ಅಂತೀನಿ, ತಲೆನೋವು ಅನ್ನಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಇವರೂ ಬರ್ತಾರಂತೆ. ಬಸ್ಸಲ್ಲಿ ಯಾರಾದ್ರೂ ಎಲ್ಲಿಗೆ ಅಂತ ಕೇಳಿದರೆ, ಮೋಟಾರ್ ರಿಪೇರಿಗೆ ಅಂತಾರಂತೆ.